ಸ್ವಂತದವರ ಅರ್ಜಿ

ಬ್ರಿಗೇಡಿಯರರ ನಿವೃತ್ತಿಗೆ ಎರಡು ತಿಂಗಳಿರುವಾಗ ವಿಶಿಷ್ಟ ಸೇವಾ ಪದಕದ ಸುದ್ದಿ ಬಂತು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಅವರು ಗುಂಡು ಹಾರಿಸಿದ್ದಕ್ಕಿಂತ ಸಹಿ ಹಾಕಿದ್ದೇ ಹೆಚ್ಚು. ಸೇನೆಯ ಸಿಬ್ಬಂದಿ ವಿಭಾಗದಲ್ಲಿ ಕೂತು ಯಾರು ಯಾವ ಠಾಣೆಗೆ, ಯಾರಿಗೆ ಬಡ್ತಿ, ಯಾರಿಗೆ ರಜೆ ಎಂದು ತೀರ್ಮಾನಿಸುವುದು ಅವರ ಕೆಲಸ. ಅವರು ಬರುವ ಮೊದಲು ಅಲ್ಲಿ ವಶೀಲಿಯದೇ ದರ್ಬಾರು. ಬಂದ ಮೇಲೆ ಎಲ್ಲದಕ್ಕೂ ಸರದಿ, ಎಲ್ಲದಕ್ಕೂ ಬರವಣಿಗೆ. ‘ಸಾವು ಬಂದು ಕರೆದ್ರೂ ಸಾಹೇಬ್ರು ಮೂರು ಪ್ರತಿ ಅರ್ಜಿ ಕೊಡು ಅಂತಾರೆ’ ಎಂದು ಗುಮಾಸ್ತರು ತಮ್ಮೊಳಗೆ ನಗುತ್ತಿದ್ದರು.

ಸಮಾರಂಭದಲ್ಲಿ ಓದುವ ಪ್ರಶಂಸಾ ಪತ್ರದ ಕರಡನ್ನು ಹೆಡ್ ಗುಮಾಸ್ತರೇ ತಂದರು. ಮೂರನೇ ಸಾಲಿನಲ್ಲಿ ಬ್ರಿಗೇಡಿಯರರ ಕಣ್ಣು ನಿಂತಿತು: ‘ಸ್ವಂತ ತಂಗಿಯ ಗಂಡನ ವರ್ಗಾವಣೆ ಅರ್ಜಿಯನ್ನೂ ತಿರಸ್ಕರಿಸಿದ ನಿಷ್ಪಕ್ಷಪಾತಿ.’

“ಇದನ್ನ ತೆಗೀರಿ.”

“ಅದನ್ನ ತೆಗೆದ್ರೆ ಇನ್ನೇನು ಉಳೀತು ಸಾರ್? ಇವತ್ತಿಗೂ ಹೊಸಬರಿಗೆ ನಾನು ಮೊದಲು ಹೇಳೋದೇ ಈ ಕತೆ.”

ಹೆಡ್ ಗುಮಾಸ್ತರಿಗೆ ಅರ್ಧ ಕತೆ ಮಾತ್ರ ಗೊತ್ತಿತ್ತು. ಹದಿನಾರು ವರ್ಷದ ಹಿಂದೆ, ಬ್ರಿಗೇಡಿಯರರು ಇನ್ನೂ ಲೆಫ್ಟಿನೆಂಟ್ ಕರ್ನಲ್ ಆಗಿದ್ದಾಗ, ಆ ಅರ್ಜಿ ಬಂದಿತ್ತು. ತಂಗಿಯ ಗಂಡ ಸೇನೆಯ ಲಾರಿ ಮೆಕ್ಯಾನಿಕ್, ಗಡಿಯ ಠಾಣೆಯಲ್ಲಿದ್ದ. ಮಗಳಿಗೆ ಮೂರು ವರ್ಷ, ಕಿವಿ ಕೇಳದು. ಬೇಗ ಶಸ್ತ್ರಚಿಕಿತ್ಸೆ ಮಾಡಿಸಿ ಒಂದು ವರ್ಷ ವಾರಕ್ಕೆರಡು ಸಲ ತರಬೇತಿ ಕೊಡಿಸಿದರೆ ಕೇಳಿಸೀತು, ಮಾತೂ ಬಂದೀತು ಎಂದು ವೈದ್ಯರು ಬರೆದಿದ್ದರು. ಆ ಆಸ್ಪತ್ರೆ ಇದ್ದ ನಗರಕ್ಕೆ ಒಂದು ವರ್ಷದ ವರ್ಗ, ಅಷ್ಟೇ ಅವನು ಕೇಳಿದ್ದು. ಭಾವನ ಹತ್ತಿರ ಬಾಯಿಬಿಡದೆ ಎಲ್ಲರಂತೆ ಸರದಿಯಲ್ಲಿ ಅರ್ಜಿ ಹಾಕಿದ್ದ. ಸಮಿತಿಯೂ ‘ಕೊಡಬಹುದು’ ಎಂದಿತ್ತು.

ಅದೇ ಬೆಳಿಗ್ಗೆ ಕರ್ನಲ್ ಅಂಥ ನಾಲ್ಕು ಅರ್ಜಿಗಳಿಗೆ ಒಪ್ಪಿಗೆ ಹಾಕಿದ್ದರು. ಒಂದರಲ್ಲಿ ಕಾರಣ ಬರೀ ಹೆಂಡತಿಯ ಬೆನ್ನುನೋವು. ಐದನೆಯದು ಇದು. ‘ತಂಗಿ ಗಂಡ ಅಂತ ಕೊಟ್ಟುಬಿಟ್ಟ’ ಎಂದು ನಾಳೆ ಅಧಿಕಾರಿಗಳ ಊಟದ ಮನೆಯಲ್ಲಿ ಯಾರಾದರೂ ಆಡಿಕೊಂಡರೆ? ‘ಪರಿಗಣಿಸಲಾಗದು’ ಎಂದು ಬರೆದರು. ಆ ವರ್ಷವೇ ಅವರಿಗೆ ಬಡ್ತಿಯೂ ಆಯಿತು.

ತಂಗಿ ಒಬ್ಬಳೇ ಮಗುವನ್ನು ಎತ್ತಿಕೊಂಡು ಬೆಳಿಗ್ಗೆ ಆರು ಗಂಟೆಯ ಬಸ್ಸು ಹಿಡಿದು, ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆಗಳಿಗೆಂದು ಆ ಆಸ್ಪತ್ರೆಗೆ ನಾಲ್ಕು ತಿಂಗಳು ಓಡಾಡಿದಳು. ಐದನೇ ತಿಂಗಳು ಜ್ವರ ಹಿಡಿದು ಮಲಗಿದಳು. ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು, ಹೋಗುತ್ತಲೇ ಇತ್ತು. ಆ ಅರ್ಜಿ ಅಣ್ಣನ ಮೇಜಿನವರೆಗೆ ಬಂದೇ ಇರಲಿಲ್ಲ ಎಂದು ಅವಳು ಇವತ್ತಿಗೂ ನಂಬಿದ್ದಳು. ಹಾಗೇ ನಂಬಿಕೊಂಡಿರಲಿ ಎಂದು ಬ್ರಿಗೇಡಿಯರರೂ ಬಿಟ್ಟಿದ್ದರು.

ಕರಡಿನ ಸಾಲನ್ನು ತಾವೇ ಹೊಡೆದುಹಾಕಿ ಪೆನ್ನು ಮುಚ್ಚಿದರು. ಆದರೆ ಹೊಡೆದುಹಾಕಿದ್ದು ತಂಗಿ ಕೇಳಿಯಾಳು ಎಂಬ ಭಯಕ್ಕೆ ಎಂದು ಅವರಿಗೇ ಗೊತ್ತಿತ್ತು. ಭಾನುವಾರ ಮಧ್ಯಾಹ್ನ ಅವಳ ಮನೆಯ ಮೂರನೇ ಮಹಡಿ ಹತ್ತಿದರು.

ತಂಗಿ ನೆಲದ ಮೇಲೆ ಬಟ್ಟೆ ಹರಡಿಕೊಂಡು ಕತ್ತರಿಸುತ್ತಿದ್ದಳು. ಅವಳ ಗಂಡ ಕೆಟ್ಟ ಮಿಕ್ಸಿ ಬಿಚ್ಚಿ ಕೂತಿದ್ದ. ನಕ್ಷೆ ಬರೆಯುವ ಕಚೇರಿಗೆ ಸೇರಿದ್ದ ಮಗಳು ಕಿಟಕಿಯ ಹತ್ತಿರ ಪೆನ್ಸಿಲ್ ಚೂಪು ಮಾಡುತ್ತಿದ್ದಳು.

“ಮೆಡಲ್ ಬಂದವರ ಮುಖ ಹೀಗಿರುತ್ತೇನೋ?” ಎಂದು ತಂಗಿ ನಕ್ಕಳು.

ಅವರು ಕೂರದೆಯೇ ಎಲ್ಲವನ್ನೂ ಹೇಳಿದರು. ಕತ್ತರಿ ನಿಂತಿತು.

“ಅರ್ಜಿ ಓದಿದ್ಯಾ?”

“ಓದಿದ್ದೆ.”

“ಪೂರ್ತಿ? ಡಾಕ್ಟರ್ ಬರೆದಿದ್ದೂ?”

“ಪೂರ್ತಿ.”

“ಓದದೇ ಸಹಿ ಹಾಕ್ಬಿಟ್ಟೆ ಅಂದಿದ್ರೆ ಹೇಗೋ ನುಂಗ್ಕೋತಿದ್ದೆ ಕಣೋ.”

ಗಂಡ ತಲೆ ಎತ್ತದೆ, “ಹೋಗ್ಲಿ ಬಿಡು, ನಂಗೆ ಆಗ್ಲೇ ಗೊತ್ತಿತ್ತು. ಭಾವನ ಸಹಿ ನಂಗೆ ತಿಳಿಯಲ್ವಾ?” ಎಂದ.

ತಂಗಿ ಅವನತ್ತ ತಿರುಗಿದಳು. “ಹದಿನಾರು ವರ್ಷ ನನ್ ಜೊತೆ ಉಂಡು ಮಲಗಿ, ಒಂದು ಮಾತು ಹೇಳಲಿಲ್ವಲ್ಲ ನೀವು?”

“ನಿಂಗೆ ಇರೋದು ಒಬ್ಬನೇ ಅಣ್ಣ. ಅದನ್ನೂ ಕಿತ್ಕೊಳ್ಳೋದು ಬೇಡ ಅಂತ.”

ಮಗಳು ಮೂವರ ಮುಖ ನೋಡಿ, ಏನೆಂದು ಕೈಸನ್ನೆಯಲ್ಲಿ ಕೇಳಿದಳು. ಬ್ರಿಗೇಡಿಯರರಿಗೆ ಬರುತ್ತಿದ್ದುದು ನಾಲ್ಕೇ ಸನ್ನೆ: ಊಟ, ನೀರು, ಚೆನ್ನಾಗಿದೆ, ಹೋಗಿ ಬರ್ತೀನಿ. ಇಷ್ಟು ವರ್ಷ ಅಷ್ಟರಲ್ಲೇ ಸೋದರಮಾವನಾಗಿದ್ದರು. ಅಪ್ಪನೇ ನಿಧಾನವಾಗಿ ಸನ್ನೆ ಮಾಡಿ ತಿಳಿಸಿದ. ಅವಳು ಮಾವನನ್ನು ದಿಟ್ಟಿಸಿ ಏನೋ ಕೇಳಿದಳು.

“ಬೇರೆಯವರ ಮಗು ಆಗಿದ್ರೆ ಕೊಡ್ತಿದ್ರಾ ಅಂತ ಕೇಳ್ತಾಳೆ,” ಎಂದ ಅಪ್ಪ.

ಬ್ರಿಗೇಡಿಯರರು ಹೌದೆಂದು ತಲೆಯಾಡಿಸಿದರು. ಅದಕ್ಕೆ ಸನ್ನೆ ಬೇಕಿರಲಿಲ್ಲ. ಅವಳು ಎದ್ದು ಒಳಗೆ ಹೋದಳು.

“ನೀನು ಹೊರಡು,” ಎಂದಳು ತಂಗಿ. “ನಿನ್ ಎದೆ ಹಗುರ ಆಯ್ತಲ್ಲ. ಇನ್ನು ನಾವಿಬ್ರು ಮಾತಾಡ್ಕೋಬೇಕು.”

ಹಗುರವಾಗಿರಲಿಲ್ಲ. ಮೆಟ್ಟಿಲಿಳಿಯುವಾಗ ಅವಳ ಏರುದನಿಯೂ ಅವನ ತಗ್ಗಿದ ದನಿಯೂ ಹಿಂದೆಯೇ ಬಂದವು. ಆ ಮನೆಗೆ ಇದು ತಮ್ಮಿಂದಾದ ಎರಡನೇ ಅನ್ಯಾಯವೆಂದು ಆಗ ಅವರಿಗೆ ಹೊಳೆಯಿತು.

ಸಮಾರಂಭದಲ್ಲಿ ಪತ್ರವನ್ನು ಆ ಸಾಲಿಲ್ಲದೆ ಓದಿದರು. ತಂಗಿಗೆಂದು ಕಾದಿರಿಸಿದ್ದ ಕುರ್ಚಿ ಖಾಲಿಯಿತ್ತು. ಅವಳ ಗಂಡ ಮಾತ್ರ ಇಸ್ತ್ರಿ ಮಾಡಿದ ಹಳೆಯ ಸಮವಸ್ತ್ರದಲ್ಲಿ ಬಂದು ಕೊನೆಯ ಸಾಲಿನಲ್ಲಿ ನಿಂತಿದ್ದ. ಪದಕ ಚುಚ್ಚಿದಾಗ ಎಲ್ಲರೊಂದಿಗೆ ಅವನೂ ಚಪ್ಪಾಳೆ ತಟ್ಟಿದ. ಬ್ರಿಗೇಡಿಯರರಿಗೆ ಅತ್ತ ನೋಡಲಾಗಲಿಲ್ಲ.

ಆಮೇಲೆ ಹೊರಗೆ ಸಿಕ್ಕಾಗ, “ಅವಳು ಹೇಗಿದ್ದಾಳೆ?” ಎಂದು ಕೇಳಿದರು.

“ನನ್ ಜೊತೆ ಮಾತು ಶುರು ಮಾಡಿದ್ದಾಳೆ ಭಾವ,” ಎಂದ ಅವನು. “ನಿಮ್ ವಿಷಯ ಎತ್ತಿದ್ರೆ ಎದ್ದು ಹೋಗ್ತಾಳೆ.”