ಆಳಂದಕ್ಕೆ ಬಂದ ಎಕ್ಸ್‌ರೇ ಗಾಡಿ

"ಒಳಗ ಹೋದ್ರ ಮೈಮ್ಯಾಲಿನ ಸೀರಿನೂ ಕಾಣಂಗಿಲ್ಲಂತ, ಬರೇ ಎಲುಬು!" ಎಂದು ಉಮಾಬಾಯಿ ಹಿಂದೆ ಸರಿದಳು. ಬೇಳೆ ಮಿಲ್ಲಿನ ಹೆಂಗಸರೆಲ್ಲ ಅವಳೊಂದಿಗೇ ಸರಿದರು. ಆಳಂದದ ಬಸ್‌ಸ್ಟ್ಯಾಂಡಿನ ಎದುರು ನಿಂತ ಗಾಡಿಯ ಮೆಟ್ಟಿಲ ಮೇಲೆ ಡಾಕ್ಟರು ಬೆಳಗಿನಿಂದ ಹೇಳಿದ್ದನ್ನೇ ಹೇಳುತ್ತಿದ್ದರು: ಕ್ಷಯ ಎದೆಯೊಳಗೆ ಸದ್ದಿಲ್ಲದೆ ಕೂತಿರುತ್ತದೆ, ಕೆಮ್ಮು ಶುರುವಾಗುವ ಮೊದಲೇ ಹಿಡಿದರೆ ಗುಣವಾಗುತ್ತದೆ. ಬೇನೆಯೇ ಇಲ್ಲದವರು ಡಾಕ್ಟರಿಗೆ ಯಾಕೆ ತೋರಿಸಿಕೊಳ್ಳಬೇಕೆಂಬುದು ಯಾರಿಗೂ ಹೊಳೆಯಲಿಲ್ಲ.

ಮಿಲ್ಲಿನಲ್ಲಿ ತೊಗರಿ ಹಸನು ಮಾಡುವವರಿಗೆಲ್ಲ ಶರೀಫಾಬಿಯೇ ಹಿರಿಯಳು. ಅಂಜುವವರನ್ನು ಕಂಡರೆ ಅವಳಿಗಾಗದು. ಸೊಸೆ ಅಖ್ತರಬೇಗಂಳ ರಟ್ಟೆ ಹಿಡಿದು ಮುಂದೆ ತಂದಳು.

"ನೋಡ್ರಿ, ನನ್ನ ಸೊಸಿನೇ ಮೊದಲ ಹೋಗ್ತಾಳ. ತುಂಬಿದ ಚೀಲಕ್ಕ ಹೆಗಲು ಕೊಡೋ ಹುಡುಗಿ. ಇಕಿಗೇನಾಗ್ತದ?"

ಸೊಸೆಯ ಹಿಂದೆ ತಾನೂ ಹತ್ತಿದಳು. ಉಳಿದವರು ನಗುತ್ತ ಮಿಲ್ಲಿಗೆ ಹೋದರು.

ವಾರದೊಳಗೆ ಡಾಕ್ಟರು ಇಬ್ಬರನ್ನೂ ಕರೆಸಿದರು. ಅತ್ತೆಯ ಎದೆ ಸ್ವಚ್ಛವಾಗಿತ್ತು. ಸೊಸೆಯ ಬಲ ಎದೆಯ ಮೇಲ್ತುದಿಯಲ್ಲಿ ಒಂದು ಕಲೆಯಿತ್ತು. ಕಫದ ಪರೀಕ್ಷೆಯೂ ಕ್ಷಯವೆಂದೇ ಹೇಳಿತು.

ಮಂದಿಯ ಮುಂದೆ ಸೊಸೆಯನ್ನು ನಿಲ್ಲಿಸಿ ಶರೀಫಾಬಿ ಮಾನ ಕಳೆದುಕೊಂಡಳೆಂದು ಮಿಲ್ಲಿನಲ್ಲಿ ಗುಸುಗುಸು ಎದ್ದಿತು. ಅಂದು ರಟ್ಟೆ ಹಿಡಿದು ಎಳೆಯದಿದ್ದರೆ ಈ ಸುದ್ದಿಯೇ ಇರುತ್ತಿರಲಿಲ್ಲ ಎಂದು ಅವಳಿಗೂ ಅನ್ನಿಸಿತು. ಮರುಗಳಿಗೆಯೇ, ಸುದ್ದಿ ಇರುತ್ತಿರಲಿಲ್ಲ, ಬೇನೆ ಇರುತ್ತಿತ್ತು ಎಂದುಕೊಂಡಳು.

ಅಫಜಲಪುರದಿಂದ ಅಖ್ತರಬೇಗಂಳ ತಂದೆ ಚಮನಸಾಬ ಬಂದ. ಕುಳಿತುಕೊಳ್ಳಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಮಗಳ ಟ್ರಂಕನ್ನು ತಾನೇ ಅಂಗಳಕ್ಕೆ ತಂದಿಟ್ಟ.

"ನಿಮ್ಮ ಮನಿಗಿ ಕೆಟ್ಟ ಹೆಸರು ಬ್ಯಾಡ್ರಿ. ಕರ್ಕೊಂಡು ಹೋಗ್ತೇನಿ. ಮಗಗ ಬ್ಯಾರೇ ಹೆಣ್ಣು ನೋಡ್ರಿ."

"ಯಾರು ಕರ್ಕೊಂಡು ಹೋಗ್ರಿ ಅಂದಾರ?" ಶರೀಫಾಬಿ ಟ್ರಂಕನ್ನೆತ್ತಿ ಒಳಗೊಯ್ದಳು. "ಬೇನಿ ಇಲ್ಲೇ ಸಿಕ್ಕದ, ಇಲ್ಲಿಂದೇ ಹೋಗ್ಲಿ. ನೀವು ಉಂಡು ಬಸ್ ಹತ್ರಿ."

ಬಾಗಿಲಲ್ಲಿ ನಿಂತಿದ್ದ ಮಗ ಲಾಡ್ಲೆಸಾಬ ಆಗ ಉಸಿರು ಬಿಟ್ಟ. ಮಾವನಿಗೆ ಕೈತೊಳೆಯಲು ನೀರು ತಂದ.

ಅಂದಿನಿಂದ ಮಿಲ್ಲಿಗೆ ಹೋಗುವ ಮುನ್ನ ಶರೀಫಾಬಿ ಸೊಸೆಯನ್ನು ಸೂಜಿಗೆ ಕರೆದೊಯ್ಯತೊಡಗಿದಳು. ಸೂಜಿ ಮುಗಿದ ಮೇಲೂ ಗುಳಿಗೆ ಮುಗಿಯಲಿಲ್ಲ. ಒಂದು ದಿನ ಅಖ್ತರಬೇಗಂ ಬೊಗಸೆಯ ಗುಳಿಗೆಗಳನ್ನು ನೋಡಿ ಅತ್ತೇಬಿಟ್ಟಳು.

"ನನ್ನ ಮಾರಿ ನೋಡಿಕೋತ ನುಂಗು."

"ನಿಮ್ಮ ಮಾರಿ ನೋಡಿದ್ರ ಇನ್ನಷ್ಟು ಕಹಿ ಆಗ್ತದ!"

ಇಬ್ಬರೂ ನಕ್ಕರು. ಗುಳಿಗೆ ಒಳಗೆ ಹೋಯಿತು.

ಮತ್ತೊಂದು ತೊಗರಿ ಸುಗ್ಗಿ ಕಳೆದ ಮೇಲೆ ಗಾಡಿ ಮರಳಿ ಬಂತು. ಹೊಸ ಚಿತ್ರವನ್ನು ಡಾಕ್ಟರು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಬೇನೆ ಹೋಗಿದೆಯಮ್ಮ. ಇದು ಮಾಯ್ದ ಗಾಯದ ಗುರುತು, ಅಷ್ಟೇ."

ಶರೀಫಾಬಿಯ ಕೂಗಿಗೆ ಬಸ್ಸಿನೊಳಗಿದ್ದವರೂ ಹೊರಗೆ ಇಣುಕಿದರು. "ಉಮಾಬಾಯೀ! ಬಾ ಬೇ! ನನ್ನ ಸೊಸಿ ಗೆದ್ದಾಳ!"

ಮಿಲ್ಲಿನ ಹೆಂಗಸರೆಲ್ಲ ಓಡಿ ಬಂದರು. ಅಖ್ತರಬೇಗಂಳ ಗಲ್ಲ ಸವರಿ ನೋಡಿದ ಉಮಾಬಾಯಿ ಸೀದಾ ಮೆಟ್ಟಿಲ ಬಳಿ ಹೋಗಿ ನಿಂತಳು. ಚಿತ್ರಕ್ಕೆ ಅಡ್ಡ ಬರುತ್ತದೆ, ಕೊರಳಲ್ಲಿರುವುದನ್ನು ತೆಗೆದು ಬರಬೇಕೆಂದು ಗಾಡಿಯ ಕಂಪೌಂಡರ್ ಹೇಳಿದ. ಅವಳು ತಾಳಿಯನ್ನು ಬಿಚ್ಚಿ, ಕಣ್ಣಿಗೊತ್ತಿಕೊಂಡು, ಶರೀಫಾಬಿಯ ಸೆರಗಿಗೆ ಹಾಕಿ ಹತ್ತಿದಳು.

ಅವಳ ಹಿಂದೆ ಸಾಲು ಪೇಟೆಯ ತಿರುವಿನವರೆಗೆ ಬೆಳೆಯಿತು. ತಾಳಿ, ಕರಿಮಣಿ, ಬೆಳ್ಳಿಯ ಸರಗಳಿಂದ ಸೆರಗು ಭಾರವಾಗಿ ಶರೀಫಾಬಿ ಮೆಟ್ಟಿಲ ಪಕ್ಕ ಕೂತುಬಿಟ್ಟಳು. ಅಖ್ತರಬೇಗಂ ಅವಳಿಗೆ ಒರಗಿ ಕೂತು, ಒಂದಕ್ಕೊಂದು ಸಿಕ್ಕಿಕೊಂಡ ಸರಗಳನ್ನು ನಿಧಾನವಾಗಿ ಬಿಡಿಸತೊಡಗಿದಳು.