ಇಸ್ತ್ರಿ ಗೆರೆ

ಕೌದಿಯನ್ನು ಮೇಜಿನ ಮೇಲೆ ಹರವಿದ ಕೂಡಲೇ ಕತ್ತರಿ ಮಾಮ ಕನ್ನಡಕ ಮೇಲೇರಿಸಿ ಬಗ್ಗಿದರು. ನಮ್ಮ ಕೌದಿ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಬಟ್ಟೆ ಕತ್ತರಿಸುತ್ತಿರುವವರು ಅವರೇ. ಹೊಲಿಗೆ ನೋಡುತ್ತಾರೆ ಅಂದುಕೊಂಡೆ. ಅವರು ನೋಡಿದ್ದು ಸುಕ್ಕು.

"ಎಷ್ಟು ದಿನ ಹೊದ್ದೆ ಇದನ್ನ?"

"ಏಳು ದಿನ."

"ಎಡಗಡೆ ಏಳು ದಿನದ್ದೇ, ಸರಿ. ಬಲಗಡೆ ಒಂದು ದಿನದ್ದೂ ಅಲ್ವಲ್ಲ ತಾಯಿ. ನೀನು ಹಾಕಿದ ಇಸ್ತ್ರಿ ಗೆರೆ ಹಾಗೇ ನಿಂತಿದೆ."

ನಿಜ. ಎಡ ಅರ್ಧ ಹಿಂಡಿ ಹಾಕಿದಂತಿತ್ತು. ಬಲ ಅರ್ಧ ಅಂಗಡಿಯ ಗಾಜಿನ ಹಿಂದಿನ ಮಾಲಿನಂತೆ ಸಪಾಟಾಗಿತ್ತು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊಸ ವಿನ್ಯಾಸ ಬರೆದವಳೇ ಮೊದಲ ಕೌದಿ ಹೊಲಿದು, ಮನೆಗೆ ಒಯ್ದು ಏಳು ದಿನ ಹೊದೆಯಬೇಕು. ಆಮೇಲೆ ಪರೀಕ್ಷೆ ಚೀಟಿ. ಜೋಡಿ ಮಂಚದ ಅಳತೆಯಾದರೆ ಚೀಟಿಯಲ್ಲಿ ಎರಡು ಸಾಲು: ಎಡ, ಬಲ. ಎರಡಕ್ಕೂ ಸಹಿ ಬೇಕು. ಎರಡು ವರ್ಷ ನಾನು ಬೇರೆಯವರ ವಿನ್ಯಾಸಗಳನ್ನು ಗ್ರಾಫ್ ಹಾಳೆಗೆ ಇಳಿಸಿ ಕೊಟ್ಟಿದ್ದೇನೆ. ಇದು ನನ್ನ ಸ್ವಂತದ ಮೊದಲನೆಯದು. ವಿನ್ಯಾಸಗಳ ಪುಸ್ತಕ ಶನಿವಾರ ಅಚ್ಚಿಗೆ ಹೋಗುವುದಿತ್ತು. ಅವತ್ತು ಸೋಮವಾರ.

ಯಜಮಾನಿ ಗೋಡೆಗೆ ಒರಗಿಕೊಂಡು ನಿಂತಿದ್ದರು. "ಚೆನ್ನಾಗಿದೆ. ಆದರೆ ಅರ್ಧ ಪರೀಕ್ಷೆ ಆಗಿರೋದನ್ನ ಪುಸ್ತಕಕ್ಕೆ ಹಾಕಲ್ಲ. ಮನೇಲಿ ಇನ್ನೊಬ್ಬರಿಲ್ವಾ?"

"ಇದ್ದರು."

"ಹಾಗಾದ್ರೆ ಕರೆಸು. ಶನಿವಾರದೊಳಗೆ ಒಂದು ರಾತ್ರಿ ಮಲಗಿದ್ರೂ ಸಾಕು."

ಇದ್ದವಳು ಅಕ್ಕ. ಒಂದೇ ಕೋಣೆ, ಒಂದೇ ಜೋಡಿ ಮಂಚ. ನಾನು ಗೋಡೆ ಕಡೆ, ಅವಳು ಬಾಗಿಲ ಕಡೆ. ಮದುವೆಯಾಗಿ ಹೋಗಿ ಹತ್ತು ತಿಂಗಳಾಯಿತು. ಈಗಲೂ ನಾನು ಗೋಡೆಗೆ ಅಂಟಿಕೊಂಡೇ ಮಲಗುತ್ತೇನೆ. ದುಃಖ ಗಿಃಖ ಏನಿಲ್ಲ, ಅಭ್ಯಾಸ. ಮಂಚದ ಇನ್ನರ್ಧದ ಮೇಲೆ ಒಗೆದ ಬಟ್ಟೆ, ಬಣ್ಣದ ಪೆನ್ಸಿಲ್ಲು, ಗ್ರಾಫ್ ಹಾಳೆ. ಈ ವಿನ್ಯಾಸವನ್ನು ಬರೆದದ್ದೂ ಅಲ್ಲೇ, ಗೋಡೆಗೆ ಬೆನ್ನು ಕೊಟ್ಟು.

ಹೂವಿಲ್ಲ, ಚುಕ್ಕೆಯಿಲ್ಲ, ಬರೀ ಬಣ್ಣ. ಟೊಮೆಟೊ ಕೆಂಪು, ಸಾಸಿವೆ ಹಳದಿ, ಕಡು ನೀಲಿ, ಬೂದಿ. ಇಂಥ ಬಟ್ಟೆ ಏನನ್ನೂ ಮುಚ್ಚಿಡುವುದಿಲ್ಲ. ಹೂವಿನ ಬಟ್ಟೆಯಲ್ಲಿ ಹೊಲಿಗೆ ಒಂದು ನೂಲು ಜಾರಿದರೆ ದೇವರಿಗೂ ಗೊತ್ತಾಗದು. ಇದರಲ್ಲಿ ಕುರುಡನೂ ತೋರಿಸುತ್ತಾನೆ. ಎಡ ಅಂಚಿನಿಂದ ಎಂಟು ಅಗಲವಾದ ಪಟ್ಟಿಗಳು ಹೊರಟು, ಕಿರಿದಾಗುತ್ತಾ ಹೋಗಿ, ಬಲ ಅರ್ಧದ ಮೇಲ್ಭಾಗದಲ್ಲಿ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಅದರಾಚೆ ಖಾಲಿ ಬೂದಿ. ಕಪ್ಪು ಬಿಳುಪು ಫೋಟೊ ತೆಗೆದು ನೋಡಿದ್ದೆ. ತಿಳಿ, ಗಾಢ ಎಲ್ಲ ತೂಕವಾಗಿ ಕೂತಿತ್ತು. ಎಂಟು ತುದಿ ಸೇರುವಲ್ಲಿ ಬಟ್ಟೆ ಸ್ವಲ್ಪ ಉಬ್ಬಿತ್ತು. ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿ, ಇಸ್ತ್ರಿ ಎಳೆದು, ಆಯಿತು ಅಂದುಕೊಂಡಿದ್ದೆ.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ.

"ಮಲಗೋದಕ್ಕೆ ಬರ್ಬೇಕಾ? ಒಳ್ಳೇ ಕೆಲಸ ಕಣೇ ನಿಂದು!" ನಕ್ಕಳು. "ಬುಧವಾರ ಬರ್ತೀನಿ. ಗೊರಕೆ ಹೊಡೀತೀಯಾ ಇನ್ನೂ?"

"ಹೊಡೆಯೋಳು ನೀನು."

"ಸಾಕ್ಷಿ ಇಲ್ಲ ಬಿಡು."

ಬುಧವಾರ ಬೆಳಿಗ್ಗೆ ಟ್ರಂಕಿನಿಂದ ಅವಳ ದಿಂಬು ತೆಗೆದು ಬಿಸಿಲಿಗೆ ಇಟ್ಟು, ಆಮೇಲೆ ಮಂಚದ ಬಾಗಿಲ ಕಡೆ ಹಾಕಿದೆ. ಪೆನ್ಸಿಲ್ಲು, ಹಾಳೆ ಎಲ್ಲ ಕಿಟಕಿ ಕಟ್ಟೆಗೆ ಹೋದವು. ಐದು ಗಂಟೆಗೆ ಫೋನ್ ಬಂತು.

"ಬೈಬೇಡ ಕಣೇ. ನಿನ್ನ ಭಾವನ ಕಡೆಯವರು ಹೇಳದೆ ಕೇಳದೆ ಬಂದು ಕೂತಿದಾರೆ. ಪಕ್ಕದ ಮನೆಯವರು ಯಾರಾದ್ರೂ ಇಲ್ವಾ?"

ಪಕ್ಕದ ಮನೆಯವರ ಚಪ್ಪಲಿ ನೋಡಿದ್ದೇನೆ. ಮುಖ ನೋಡಿಲ್ಲ. "ಇರ್ಲಿ ಬಿಡು" ಅಂದೆ.

ಗುರುವಾರ ಬೆಳಿಗ್ಗೆ ಮೋಸಕ್ಕೆ ಇಳಿದೆ. ಬಲ ಅರ್ಧವನ್ನು ಮುದುಡಿದೆ, ಉರುಳಿಸಿದೆ, ಮೇಲೆ ಕೂತೆ, ಮಂಡಿಯಲ್ಲಿ ಒತ್ತಿದೆ. ಗೆರೆ ಹೋಯಿತು. ಕಾರ್ಖಾನೆಗೆ ಒಯ್ದು ಊಟದ ಹೊತ್ತಿಗೆ ಮೇಜಿನ ಮೇಲೆ ಹಾಕಿದೆ. ಕತ್ತರಿ ಮಾಮ ಮುಟ್ಟಲೂ ಇಲ್ಲ.

"ಹಿಟ್ಟು ನಾದಿದೀಯ."

"ಏನು?"

"ಮಲಗಿದೋರ ಸುಕ್ಕು ಉದ್ದಕ್ಕೆ ಬೀಳುತ್ತೆ, ಭುಜದಿಂದ ಕಾಲಿಗೆ. ಇದು ಎಲ್ಲಾ ಕಡೆ ಗುಂಡಗೆ ಬಿದ್ದಿದೆ. ಯಜಮಾನಿ ಊಟಕ್ಕೆ ಹೋಗಿದಾರೆ, ಬರೋದ್ರೊಳಗೆ ಮಡಚಿಕೋ."

ಮುಖ ಕಾದ ಇಸ್ತ್ರಿಪೆಟ್ಟಿಗೆಯಾಯಿತು. ಮಡಚಿಕೊಂಡೆ.

"ಯಾರೂ ಇಲ್ವೇನೇ?" ಈ ಸಲ ಮೆಲ್ಲಗೆ ಕೇಳಿದರು. ಆ ಮೆಲುದನಿಯೇ ಬೇಡವಾಗಿತ್ತು.

"ತಲೆನೋವು ಅಂತ ಹೇಳಿ, ಅರ್ಧ ದಿನ ರಜೆ" ಅಂದು ಹೊರಟೆ.

ಕೋಣೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಬಾಗಿಲ ಕಡೆ ಮಂಚದ ಮೇಲೆ ಅಕ್ಕನ ದಿಂಬು ಇನ್ನೂ ಹಾಗೇ ಇತ್ತು. ಅಲ್ಲಿಯೇ ಮಲಗಿ ಕೌದಿ ಎಳೆದುಕೊಂಡೆ.

ಮೊದಲು ಸಿಕ್ಕಿದ್ದು ಗಂಟು. ಎಂಟು ತುದಿ ಕೂಡುವ ಜಾಗ ಸರಿಯಾಗಿ ಗದ್ದದ ಕೆಳಗೆ ಬಂದು, ಕಡಲೆಕಾಳು ಸಿಕ್ಕಿಸಿದಂತೆ ಒತ್ತಿತು. ತಲೆ ಆಚೆ ತಿರುಗಿಸಿದೆ, ಒತ್ತಿತು. ಕೆಳಗೆ ಜಾರಿದೆ, ಮೂಗಿಗೆ ಬಂತು. ನಾನು ಹಿಂಡಿದ, ಮಂಡಿಯೂರಿದ ಯಾವ ಹೊತ್ತಿನಲ್ಲೂ ಇದು ಸಿಕ್ಕಿರಲಿಲ್ಲ. ಆಮೇಲೆ ಕಣ್ಣು ಬಿಟ್ಟು ನೋಡಿದೆ. ಗೋಡೆ ಕಡೆಯಿಂದ ಕೆಂಪು, ಹಳದಿ ಮೈತುಂಬ ಇರುತ್ತಿದ್ದವು. ಇಲ್ಲಿಂದ ಬರೀ ಬೂದಿ. ಎಲ್ಲ ಬಣ್ಣವನ್ನೂ ನನ್ನ ಕಡೆಯೇ ಎಳೆದುಕೊಂಡು, ಆ ಕಡೆಯವರಿಗೆ ಚೂಪು ತುದಿ, ಗಂಟು ಬಿಟ್ಟಿದ್ದೆ. ಹಾಗೆ ಬೇಕೆಂದು ಮಾಡಿದ್ದಲ್ಲ. ಆ ಕಡೆ ಯಾರಾದರೂ ಇರುತ್ತಾರೆ ಅನ್ನುವುದೇ ತಲೆಗೆ ಬಂದಿರಲಿಲ್ಲ.

ಒಂದು ಗಂಟೆ ಹಾಗೇ ಬಿದ್ದಿದ್ದೆ. ಬಾಗಿಲ ಸಂದಿನಿಂದ ಗಾಳಿ ಪಾದಕ್ಕೆ ಬಡಿಯುತ್ತಿತ್ತು. ಅಕ್ಕ ಚಳಿ ಅಂದಾಗಲೆಲ್ಲ ನಾಟಕ ಅಂದಿದ್ದೆ.

ಎದ್ದು ಹೊಲಿಗೆ ಬಿಚ್ಚಿದೆ. ಎಂಟು ತುದಿಗಳನ್ನೂ ಒಂದೊಂದು ಅಳತೆಗೆ ನಿಲ್ಲಿಸಿದೆ, ಯಾವುದೂ ಯಾವುದಕ್ಕೂ ತಾಗದಂತೆ. ಕೆಂಪು ಅರ್ಧ ದಾಟುವುದರೊಳಗೆ ನಿಂತಿತು. ನೀಲಿ ಇನ್ನೂ ಒಂದು ಗೇಣು ಹೋಯಿತು. ಹಳದಿಯನ್ನು ಬಲ ಅಂಚಿನವರೆಗೂ ಎಳೆದೆ. ಗ್ರಾಫ್ ಹಾಳೆ ಹೊಸದಾಗಿ ಬರೆದೆ. ಶುಕ್ರವಾರ ಪೂರ್ತಿ ಹೊಲಿಗೆ. ಶನಿವಾರ ಅಲಾರಂ ಹೊಡೆದಾಗ ನಾನಿದ್ದದ್ದು ಬಾಗಿಲ ಕಡೆ.

ಯಜಮಾನಿ ಚೀಟಿ ಓದಿದರು. "ಎಡಕ್ಕೂ ನಿನ್ನ ಸಹಿ, ಬಲಕ್ಕೂ ನಿನ್ನ ಸಹಿ."

"ಹೌದು. ಬೇರೆ ಯಾರೂ ಸಿಗಲಿಲ್ಲ. ಬಲಗಡೆ ಗಂಟು ಇತ್ತು, ಗದ್ದಕ್ಕೆ ಒತ್ತುತ್ತಿತ್ತು. ತೆಗೆದಿದೀನಿ."

ಕತ್ತರಿ ಮಾಮ ಕೌದಿಯ ಮೇಲೆ ಬಗ್ಗಿ, ಸುಕ್ಕಿನ ಉದ್ದಕ್ಕೂ ಬೆರಳು ಎಳೆದರು. "ಮಲಗಿದಾಳೆ. ಆ ಕಡೆಯವಳಿಗೂ ಈ ಕಡೆಯವಳಿಗೂ ಜಗಳ ಆಗಲಿಲ್ಲ ತಾನೇ?"

"ಆಯ್ತು. ಆ ಕಡೆಯವಳು ಗೆದ್ದಳು."

ಯಜಮಾನಿ ನಗಲಿಲ್ಲ. ಗಂಟು ಇದ್ದ ಜಾಗಕ್ಕೆ ಬಗ್ಗಿ ಕೆನ್ನೆ ಇಟ್ಟರು, ಎಣಿಸುವವರಂತೆ ಒಂದು ಕ್ಷಣ ಇದ್ದರು. "ಒತ್ತಲ್ಲ" ಅಂದು ಮೊಹರು ಹಾಕಿದರು.

ಸಂಜೆ ಅಕ್ಕನೇ ಫೋನ್ ಮಾಡಿದಳು. "ನೆಂಟರು ಹೋದರು ಕಣೇ. ನಾಳೆ ಬರ್ಲಾ?"

"ಪರೀಕ್ಷೆ ಮುಗೀತು. ಪುಸ್ತಕಕ್ಕೆ ಹೋಯ್ತು."

"ಹಾಗಾದ್ರೆ ನಾನು ಬೇಡ್ವಾ?"

"ಬಾ. ಆದ್ರೆ ಗೋಡೆ ಕಡೆ ನೀನು."

"ಅಬ್ಬಾ, ಗೋಡೆ ಕಡೆ ಕೊಡ್ತೀಯಾ? ಹುಷಾರಾಗಿದೀಯ ತಾನೇ?" ಆ ಕಡೆ ಯಾರೋ ಅವಳನ್ನು ಕರೆದರು. "ನೋಡ್ತೀನಿ ಕಣೇ, ಆಮೇಲೆ ಮಾಡ್ತೀನಿ" ಅಂದು ಇಟ್ಟಳು.

ಅವಳು 'ನೋಡ್ತೀನಿ' ಅಂದರೆ ಏನು ಅಂತ ನನಗೆ ಗೊತ್ತು. ಪೆನ್ಸಿಲ್ಲು, ಹಾಳೆಗಳನ್ನು ಕಿಟಕಿ ಕಟ್ಟೆಯಿಂದ ತಂದು ಮಂಚದ ಮೇಲೆ ಹಾಕಿದೆ, ಈ ಸಲ ಗೋಡೆ ಕಡೆ.