ಮಂಡಿ ನೋವು ಮತ್ತು ಡ್ರ್ಯಾಗನ್

ನಮ್ಮ ಅಗ್ನಿಶಾಮಕ ಠಾಣೆಯಲ್ಲಿ ಯಾರಿಗೂ ಭಯವಾಗುವುದಿಲ್ಲ. ಮಂಡಿ ನೋವಾಗುತ್ತದೆ. ಇದು ನಾನು ಕೆಲಸಕ್ಕೆ ಸೇರುವ ಮೊದಲಿನಿಂದ ಇರುವ ರೂಢಿ. ಎತ್ತರ ಕಂಡು ಕೈಕಾಲು ತಣ್ಣಗಾದವನು ಮಂಡಿ ಎನ್ನುತ್ತಾನೆ, ಡಾಕ್ಟರು ಮಂಡಿ ಎಂದು ಬರೆಯುತ್ತಾರೆ, ಸಾಹೇಬರು ಮುಲಾಮು ಕೊಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದು ಇದಕ್ಕೇ.

ನನ್ನ ಷಡ್ಡಕನಿಗೆ ಏಳು ತಿಂಗಳಿಂದ ಮಂಡಿ ನೋವು. ಅವನು ಠಾಣೆಯ ಏಣಿಯವನು, ನಾನು ಗಾಡಿ ಓಡಿಸುವವನು. ನನ್ನ ಹೆಂಡತಿಯ ತಂಗಿಗೆ ಈ ಸಂಬಂಧ ತಂದವನು ನಾನೇ ಆದ್ದರಿಂದ ಅವನಿಗೆ ನೆಗಡಿಯಾದರೂ ಮನೆಯಲ್ಲಿ ನನ್ನನ್ನೇ ಕೇಳುತ್ತಾರೆ. ಒಂದು ಗೋದಾಮಿನ ಬೆಂಕಿಯಲ್ಲಿ ಅವನ ಕಾಲಡಿಯ ಮೆಟ್ಟಿಲು ಮುರಿದು, ನಾಲ್ಕನೇ ಮಹಡಿಯ ಎತ್ತರದಲ್ಲಿ ಒಂದೇ ಕೈಯಲ್ಲಿ ನೇತಾಡಿದ್ದ. ಆಮೇಲೆ ಎರಡನೇ ಮಹಡಿ ದಾಟಿಲ್ಲ. ಸೋಮವಾರ ಏಣಿ ಪರೀಕ್ಷೆ. ಅಂಗಳದ ತಾಲೀಮು ಗೋಪುರದ ಐದನೇ ಮಹಡಿಯ ಕಿಟಕಿ ಬಡಿದು ಇಳಿಯಬೇಕು. ಆಗದಿದ್ದರೆ ನಿವೃತ್ತಿಯವರೆಗೆ ಫೋನ್ ಎತ್ತುವ ಕುರ್ಚಿ. ಅವನಿಗೆ ಏಣಿ ಬಿಟ್ಟು ಬೇರೆ ಯಾವ ಕೆಲಸದ ಮೇಲೂ ಮನಸ್ಸಿಲ್ಲ.

ಭಾನುವಾರ ಅವನ ಎಂಟು ವರ್ಷದ ಮಗಳು ಹಟ ಹಿಡಿದು ನಮ್ಮಿಬ್ಬರನ್ನೂ ಡ್ರ್ಯಾಗನ್ ಸಿನಿಮಾಕ್ಕೆ ಎಳೆದುಕೊಂಡು ಹೋದಳು. ಉಕ್ಕಿನ ಅಂಗಿ ತೊಟ್ಟ ಯೋಧರು, ಕೋಟೆ, ರೆಕ್ಕೆ ಮೂಡಿದ, ಬೆಂಕಿ ಉಗುಳುವ ಒಂದು ಹಲ್ಲಿ. ಕೋಟೆಯಲ್ಲಿ ಸಾವಿರ ಜನ, ಹೊರಗೆ ಹೋಗಲು ಒಂದೇ ಬಾಗಿಲು. ಅದನ್ನು ಕಟ್ಟಿದವನನ್ನು ಮೊದಲು ಒಳಗೆ ಹಾಕಬೇಕಿತ್ತು. ಡ್ರ್ಯಾಗನ್ ಹುಲ್ಲಿನ ಮಾಡಿಗೆ ಬೆಂಕಿ ಇಟ್ಟಾಗ ನಾವಿಬ್ಬರೂ ಒಟ್ಟಿಗೆ ಎದ್ದು ನಿಂತೆವು. ಷಡ್ಡಕ ಮುಂದಿನ ಸಾಲಿನವರಿಗೆ, ತಳ್ಳಾಡದೆ ಬಲಗಡೆಯ ಬಾಗಿಲಿಗೆ ನಡೆಯಿರಿ ಎಂದ. ಒಂದು ಸಂಸಾರ ನಡೆದೂಬಿಟ್ಟಿತು. ಹುಡುಗಿ ನಮ್ಮ ಅಂಗಿ ಜಗ್ಗಿ ಕೂರಿಸಿದಳು.

ಕೊನೆಯಲ್ಲಿ ಡ್ರ್ಯಾಗನ್ ಗೋಪುರದ ತುದಿಯಲ್ಲಿ, ಯೋಧರೆಲ್ಲ ಕೆಳಗೆ. ಅಷ್ಟು ಹೊತ್ತೂ ಮೀಸೆ ತಿರುವುತ್ತಿದ್ದ ದೊಡ್ಡ ಯೋಧ ಎಲ್ಲರ ಎದುರು ನನಗೆ ಭಯವಾಗುತ್ತಿದೆ ಎಂದ. ಯಾರೂ ನಗಲಿಲ್ಲ. ಹಾಗೆಂದವನೇ ಮೆಟ್ಟಿಲು ಹತ್ತತೊಡಗಿದ. ಅವನ ಉಕ್ಕಿನ ಅಂಗಿ ನಡುಕಕ್ಕೆ ಪಾತ್ರೆ ಗಾಡಿಯಂತೆ ಗಲಗಲ ಎನ್ನುತ್ತಿತ್ತು. ಇದನ್ನೆಲ್ಲ ಯಾರು ನಂಬುತ್ತಾರೆ ಎಂದು ಪಕ್ಕಕ್ಕೆ ತಿರುಗಿದೆ. ಷಡ್ಡಕ ಕುರ್ಚಿಯ ಅಂಚಿಗೆ ಬಂದು ಬಾಯಿ ಬಿಟ್ಟುಕೊಂಡು ಕೂತಿದ್ದ. ಹೊರಗೆ ಬರುವಾಗ ಅವನ ಬೆನ್ನು ನೆಟ್ಟಗಿತ್ತು. ಸಿನಿಮಾ ತುಂಬಿದ ಧೈರ್ಯ ಬಸ್ ನಿಲ್ದಾಣದವರೆಗೆ ಬಾಳಿಕೆ ಬಂದರೆ ಹೆಚ್ಚು ಎಂದುಕೊಂಡೆ.

ಸೋಮವಾರ ಅಂಗಳದಲ್ಲಿ ಠಾಣೆಯವರೆಲ್ಲ ಸೇರಿದ್ದರು. ಏಣಿಯ ಬುಡ ಹಿಡಿಯುವುದು ನನ್ನ ಕೆಲಸ. ಸಾಹೇಬರು ಫಾರಂ ಹಿಡಿದು, ಮಂಡಿ ಹೇಗಿದೆ ಎಂದು ಕೇಳಿದರು.

"ಮಂಡಿಗೇನೂ ಆಗಿಲ್ಲ ಸಾರ್. ನಂಗೆ ಭಯ ಆಗ್ತಿದೆ."

ಸಾಹೇಬರು ಫಾರಂ ಹಿಂದೆ ಮುಂದೆ ತಿರುವಿ ನೋಡಿದರು. ಭಯವನ್ನು ಬರೆಯಲು ಅದರಲ್ಲಿ ಜಾಗವಿರಲಿಲ್ಲ.

"ಹಾಗಾದ್ರೆ ಏನ್ ಮಾಡ್ತೀಯಪ್ಪ?"

"ಹತ್ತಿ ನೋಡ್ತೀನಿ ಸಾರ್. ಅಣ್ಣ, ಗಟ್ಟಿಯಾಗಿ ಹಿಡ್ಕೊ."

ಹಿಡಿದುಕೊಂಡೆ. ಅವನು ಕಾಲಿಟ್ಟ ಮೊದಲ ಮೆಟ್ಟಿಲಿನಿಂದಲೇ ಏಣಿ ನಡುಗತೊಡಗಿತು. ಎರಡನೇ ಮಹಡಿಯಲ್ಲಿ ಅವನು ನಿಂತ. ನಾನು ಏಣಿಯ ಬುಡಕ್ಕೆ ಕಾಲು ಒತ್ತಿ ನಿಂತೆ. ಒಂದು ನಿಮಿಷ ಕಳೆದಿರಬೇಕು. ಮತ್ತೆ ಹತ್ತಿದ. ಮೂರನೆಯದು, ನಾಲ್ಕನೆಯದು. ನಡುಕ ಕಡಿಮೆಯಾದೀತು ಎಂದು ಕಾದೆ, ಅದು ಹೆಚ್ಚಾಯಿತು. ಐದನೇ ಮಹಡಿಯ ಕಿಟಕಿಯನ್ನು ಅವನು ಬಡಿದ ಸದ್ದು ಕೆಳಗೆ ಕೇಳಿಸಿದಾಗಲೂ ನನ್ನ ಅಂಗೈಯಲ್ಲಿ ಏಣಿ ನಡುಗುತ್ತಲೇ ಇತ್ತು.

ನನಗೆ ಅಳು ಬಂತು. ಕಣ್ಣೀರಿನ ತಪ್ಪನ್ನು ಹೊಗೆಯ ಮೇಲೆ ಹಾಕೋಣವೆಂದರೆ ಆ ಅಂಗಳದಲ್ಲಿ ಯಾರೂ ಒಂದು ಬೆಂಕಿಕಡ್ಡಿಯನ್ನೂ ಗೀರಿರಲಿಲ್ಲ.